ಅಡ್ರಿನಲ್ ಕೋಶ ಮತ್ತು ಅಡಿನೊಸಿನ್‌ನ ಮರುಬಳಕೆ

ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ತಿರುಳಿನಲ್ಲಿ ಕ್ರೋಮಾಫಿನ್ ಕೋಶಗಳಿವೆ. ಭಯ, ಒತ್ತಡಗಳ ವೇಳೆ ಇವು ಅಡ್ರಿನಲಿನ್ ಸ್ರವಿಸುವುದು ಸರ್ವವಿದಿತ. ಅದೇ ಸೂಕ್ಷ್ಮ ಚೀಲಗಳಲ್ಲಿ ಶೇಖರವಾಗಿರುವ ಎಟಿಪಿ ಅಣುಗಳೂ ಜೊತೆಯಲ್ಲೇ ಹೊರಬೀಳುತ್ತವೆ. ಅವು ಮುಂದೇನಾಗುತ್ತವೆ ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇನೆ.

ಕೋಶದ ಹೊರಮೈಯ ಕಿಣ್ವಗಳು ಎಟಿಪಿಯ ಮೂರು ಫಾಸ್ಫೇಟ್‌ಗಳನ್ನೂ ಒಂದೊಂದಾಗಿ ಕಳಚುತ್ತವೆ. ಕೊನೆಗೆ ಉಳಿಯುವುದು ಅಡಿನೊಸಿನ್ ಎಂಬ ನ್ಯೂಕ್ಲಿಯೊಸೈಡ್. ಇದು ಜಿಡ್ಡಿನ ಕೋಶಪೊರೆಯನ್ನು ತಾನಾಗಿ ಸುಲಭವಾಗಿ ದಾಟಲಾರದು. ಇಎನ್‌ಟಿ ಎಂಬ ಸಾಗಣೆ ಪ್ರೋಟೀನುಗಳೇ ಅದಕ್ಕೆ ಬಾಗಿಲು. ಹಸುವಿನ ಕ್ರೋಮಾಫಿನ್ ಕೋಶಗಳಲ್ಲಿ ಈ ಸಾಗಣೆಯನ್ನು ಕುರಿತ ಮಿರಾಸ್-ಪೋರ್ಚುಗಲ್ ಮತ್ತು ಸಂಗಡಿಗರ ಅಧ್ಯಯನ 1986ರಲ್ಲಿ ಪ್ರಕಟವಾಯಿತು.

ಒಳಬಂದ ಅಡಿನೊಸಿನ್‌ಗೆ ಅಡಿನೊಸಿನ್ ಕೈನೇಸ್ ಎಂಬ ಕಿಣ್ವ ಫಾಸ್ಫೇಟ್ ಜೋಡಿಸಿ ಎಎಂಪಿಯಾಗಿಸುತ್ತದೆ. ಇದರಿಂದ ಒಳಗಿನ ಅಡಿನೊಸಿನ್ ಸಾಂದ್ರತೆ ತಗ್ಗಿ, ಹೊರಗಿನಿಂದ ಹರಿವು ಮುಂದುವರಿಯುತ್ತದೆ. ಎಎಂಪಿ ಕ್ರಮೇಣ ಎಟಿಪಿಯಾಗುತ್ತದೆ. 2008ರಲ್ಲಿ ಗುರುತಿಸಲಾದ ವಿಎನ್‌ಯುಟಿ ಪ್ರೋಟೀನು ಅದನ್ನು ಮತ್ತೆ ಚೀಲಕ್ಕೆ ತುಂಬುತ್ತದೆ. ಹೊಸದಾಗಿ ಕಟ್ಟುವುದಕ್ಕಿಂತ ಇದು ಬಹಳ ಮಿತವ್ಯಯದ ದಾರಿ.

ಇದೇ ಬಾಗಿಲು ಹೃದಯ, ರಕ್ತಕೋಶಗಳಲ್ಲಿಯೂ ಇದೆ. ಡೈಪಿರಿಡಮೋಲ್ ಔಷಧ ಅದನ್ನು ಮುಚ್ಚಿದಾಗ ಅಡಿನೊಸಿನ್ ಹೊರಗೇ ಹೆಚ್ಚಿ, ಹೃದಯದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಹೃದಯದ ಸ್ಟ್ರೆಸ್ ಟೆಸ್ಟ್‌ನಲ್ಲಿ ಬಳಸುವುದು ಈ ಗುಣವನ್ನೇ. ಕಾಫಿಯ ಕೆಫೀನ್ ಅಡಿನೊಸಿನ್ ಗ್ರಾಹಿಗಳನ್ನು ತಡೆಯುವುದರಿಂದ ಫಲಿತಾಂಶ ದಾರಿತಪ್ಪಬಹುದು. ಎಲ್ಕ್ ಗ್ರೋವ್ ವಿಲೇಜ್‌ನ ನಮ್ಮ ಹಿರಿಯರಿಗೆ ನಾನು ಹೇಳುವುದಿಷ್ಟೆ: ಇಂಥ ಪರೀಕ್ಷೆಗೆ ಮುನ್ನ ವೈದ್ಯರು ಕಾಫಿ, ಚಹಾ ಬೇಡವೆಂದರೆ ಅಕ್ಷರಶಃ ಪಾಲಿಸಿರಿ, ಡಿಕಾಕ್ಷನ್ ಒಂದು ದಿನ ಕಾಯಬಲ್ಲದು.