45 ಮಿಲಿಮೀಟರ್ ಹಳಿಯಲ್ಲಿ ಎರಡು ನಾಡಿನ ಚರಿತ್ರೆ

ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ತೂಕ ಸುಮಾರು 55 ಟನ್. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಈ ತೋಪನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದರು. ಹತ್ತು ಆನೆ, ನಾನೂರು ಎತ್ತು, ನೂರಾರು ಆಳು ಸೇರಿ ಎಳೆದರೆಂದು ಊರವರು ಇಂದಿಗೂ ಹೇಳುತ್ತಾರೆ. ಭಾರವಾದದ್ದನ್ನು ಈ ನೆಲದ ಮೇಲೆ ಸಾಗಿಸುವುದು ಹೇಗೆ ಎಂಬ ಪ್ರಶ್ನೆ ಆದಿಲ್‌ಶಾಹಿಗಳ ಜೊತೆಗೆ ಮುಗಿಯಲಿಲ್ಲ. ಎರಡೂವರೆ ಶತಮಾನದ ನಂತರ ಅದು ಜೋಳದ ಚೀಲದ ರೂಪದಲ್ಲಿ, ಇನ್ನೂ ಕಠೋರವಾಗಿ ಎದ್ದು ನಿಂತಿತು.

ಟಿಕೋಟಾದಿಂದ ಬಬಲೇಶ್ವರದವರೆಗಿನ ಸೀಮೆ ಎರೆಭೂಮಿ. ಡೋಣಿ ನದಿಯ ಎರಡೂ ದಂಡೆಯ ಬಿಳಿಜೋಳಕ್ಕೆ ಸುತ್ತಲ ಜಿಲ್ಲೆಗಳಲ್ಲೆಲ್ಲ ಹೆಸರು. ಮಳೆ ಚೆನ್ನಾಗಿ ಆದ ವರ್ಷ ಹಗೇವು ತುಂಬುತ್ತಿದ್ದವು. ಆದರೆ ಅದೇ ಮಳೆಗೆ ಎರೆ ಕೆಸರಾಗಿ ಚಕ್ಕಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ದಾರಿ ಗಟ್ಟಿಯಾಗಿರುತ್ತಿತ್ತು, ಎಳೆಯುವ ಎತ್ತಿಗೆ ಮೇವು ಇರುತ್ತಿರಲಿಲ್ಲ. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಇದರ ಪರಿಣಾಮ ಎಲ್ಲರ ಕಣ್ಣಿಗೆ ಬಿತ್ತು. ಬೇರೆಡೆ ಧಾನ್ಯವಿತ್ತು, ಅದನ್ನು ಇಲ್ಲಿಗೆ ತಲುಪಿಸುವ ದಾರಿ ಇರಲಿಲ್ಲ. ಆಗ ಕಲಾದಗಿ ಜಿಲ್ಲೆ ಎಂದು ಕರೆಯುತ್ತಿದ್ದ ಈ ಪ್ರದೇಶದ ಜನಸಂಖ್ಯೆ 1872ರ ಗಣತಿಗೂ 1881ರ ಗಣತಿಗೂ ನಡುವೆ ಐದನೇ ಒಂದು ಪಾಲಿಗಿಂತ ಹೆಚ್ಚು ಕುಸಿದಿತ್ತು. ಹಸಿವು, ಕಾಲರಾ, ಗುಳೆ ಮೂರೂ ಸೇರಿ ಊರೂರನ್ನು ಖಾಲಿ ಮಾಡಿದ್ದವು.

1880ರ ಕ್ಷಾಮ ಆಯೋಗ ಬರಪೀಡಿತ ಪ್ರದೇಶಗಳಿಗೆ ರಕ್ಷಣಾ ರೈಲುಮಾರ್ಗಗಳು ಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿಗಳ ಮೂಲಕ ಗದಗಿಗೆ ಸುಮಾರು 280 ಕಿಲೋಮೀಟರ್ ಉದ್ದದ ಮಾರ್ಗ ತೆರೆಯಿತು. ಹೋಟಗಿಯಿಂದ ಹೊರಟ ಹಳಿ ಮೊದಲು ಭೀಮೆಯನ್ನು, ಆಮೇಲೆ ಡೋಣಿಯನ್ನು, ಆಲಮಟ್ಟಿ ಕಳೆದ ಮೇಲೆ ಕೃಷ್ಣೆಯನ್ನು, ಹೊಳೆ ಆಲೂರಿನ ಹತ್ತಿರ ಮಲಪ್ರಭೆಯನ್ನು ದಾಟಿತು. ಮರುವರ್ಷ, 1885ರಲ್ಲಿ, ಜಿಲ್ಲಾ ಕೇಂದ್ರವೇ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಪಾಳುಬಿದ್ದಿದ್ದ ಆದಿಲ್‌ಶಾಹಿ ಕಟ್ಟಡಗಳಲ್ಲಿ ಕಚೇರಿಗಳು ಕೂತವು. ಇಂದಿನ ವಿಜಯಪುರ ನಗರ ಮತ್ತೆ ತಲೆಯೆತ್ತಿದ್ದರ ಹಿಂದೆ ಗೋಳಗುಮ್ಮಟದ ಆಚೆ ಹಾಸಿದ ಆ ಹಳಿಯ ಪಾಲು ದೊಡ್ಡದು.

ಆ ಹಳಿಯ ಅಗಲ ಒಂದು ಮೀಟರ್. ಮುಂಬಯಿಯಿಂದ ಹೋಟಗಿಯ ಮೇಲೆ ರಾಯಚೂರಿಗೆ 1871ರ ಹೊತ್ತಿಗೇ ಹೋಗಿದ್ದ ಮಾರ್ಗದ ಅಗಲ 1,676 ಮಿಲಿಮೀಟರ್, ಅಂದರೆ ಬ್ರಾಡ್‌ಗೇಜ್. 1870ರಲ್ಲಿ ವೈಸ್‌ರಾಯ್ ಲಾರ್ಡ್ ಮೇಯೊ ಕಾಲದಲ್ಲಿ ಮೀಟರ್‌ಗೇಜ್‌ಗೆ ಒಪ್ಪಿಗೆ ಸಿಕ್ಕಿದ್ದಕ್ಕೆ ಮುಖ್ಯ ಕಾರಣ ಹಣ. ಹಗುರ ಹಳಿ, ಚಿಕ್ಕ ಸ್ಲೀಪರ್, ಕಡಿಮೆ ಗರಸು ಸಾಕು. ತಿರುವು ಬಿಗಿಯಾದರೂ ನಡೆಯುತ್ತದೆ. ಬೆಲೆ ತೆತ್ತವರು ಹೋಟಗಿಯ ಹಮಾಲರು. ಒಂದು ಗೇಜಿನ ಗಾಡಿಯಿಂದ ಇನ್ನೊಂದು ಗೇಜಿನ ಗಾಡಿಗೆ ಪ್ರತಿ ಚೀಲವೂ ಬೆನ್ನಿನ ಮೇಲೆ ದಾಟಬೇಕಿತ್ತು.

ಟಿಕೋಟಾಕ್ಕಾಗಲಿ ಬಬಲೇಶ್ವರಕ್ಕಾಗಲಿ ರೈಲು ಇಂದಿಗೂ ಹೋಗಿಲ್ಲ. ಪಶ್ಚಿಮದ ಟಿಕೋಟಾದ ಚಕ್ಕಡಿಗಳು ತೊರವಿಯ ಮೇಲೆ ಹಾದು, ನೈರುತ್ಯದ ಬಬಲೇಶ್ವರದವು ಜಮಖಂಡಿ ದಾರಿ ಹಿಡಿದು ಬಂದು, ಊರಿನ ಪೂರ್ವದ ತುದಿಯಲ್ಲಿರುವ ನಿಲ್ದಾಣ ಮುಟ್ಟಬೇಕಿತ್ತು. ಕೊನೆಯ ಕೆಲವು ಹರದಾರಿಯ ಭಾರ ಎತ್ತಿನ ಹೆಗಲಿನಿಂದ ಇಳಿಯಲೇ ಇಲ್ಲ. ಆದರೂ ಬರ ಬಂದರೆ ಹೊರಗಿನ ಕಾಳು ನಿಲ್ದಾಣದವರೆಗಾದರೂ ಬರುತ್ತದೆ ಎಂಬ ಭರವಸೆ ಹುಟ್ಟಿತು.

ಇದೇ ವರ್ಷಗಳಲ್ಲಿ, ಭೂಮಿಯ ಆ ಬದಿಯಲ್ಲಿ, ಅಮೆರಿಕದ ಮಿಷಿಗನ್ ಕಾಡಿನಲ್ಲಿ ಇಫ್ರೈಮ್ ಶೇ ಎಂಬ ಮರದ ವ್ಯಾಪಾರಿ ಇಂಥದೇ ತೊಡಕಿನಲ್ಲಿದ್ದ. ಅಲ್ಲಿ ದಿಮ್ಮಿ ಎಳೆಯುವುದು ಚಳಿಗಾಲದ ಕೆಲಸ. ಹಿಮ ಗಟ್ಟಿಯಾದಾಗ ಜಾರುಬಂಡಿ ಓಡುತ್ತದೆ, ಹಿಮ ಕರಗಿತೆಂದರೆ ನೆಲ ಕೆಸರು, ಗಿರಣಿ ಖಾಲಿ. ವರ್ಷವಿಡೀ ದಿಮ್ಮಿ ಬರಬೇಕೆಂದು ಶೇ ಕಾಡಿನೊಳಗೆ ಮರದ ಹಳಿ ಹಾಸಿದ. ಸಾಮಾನ್ಯ ಉಗಿ ಎಂಜಿನ್ ತನ್ನ ತೂಕಕ್ಕೆ ಆ ಹಳಿಯನ್ನೇ ಮುರಿಯುತ್ತಿತ್ತು. ಅದರ ಸಿಲಿಂಡರು ದೊಡ್ಡ ಚಕ್ರಗಳನ್ನು ನೇರವಾಗಿ ತಳ್ಳುತ್ತದೆ. ಚಕ್ರಗಳು ಒಂದೇ ಗಟ್ಟಿ ಚೌಕಟ್ಟಿನಲ್ಲಿರುವುದರಿಂದ ಬಿಗಿ ತಿರುವಿನಲ್ಲಿ ಹಳಿಯ ಮೇಲೆ ಒತ್ತಡ ಬೀಳುತ್ತದೆ. ಇಂದು ಹಾಸಿ, ಮರ ಮುಗಿದ ಮೇಲೆ ಕಿತ್ತು ಬೇರೆಡೆ ಒಯ್ಯುವ ಕಾಡಿನ ಹಳಿಗೆ ಅದು ಒಗ್ಗುವುದಿಲ್ಲ.

ಶೇ ಕಂಡುಕೊಂಡ ದಾರಿ ಹೀಗಿತ್ತು. ಬಾಯ್ಲರನ್ನು ನಡುವಿನಿಂದ ಸ್ವಲ್ಪ ಎಡಕ್ಕೆ ಸರಿಸಿ, ಬಲಬದಿಯಲ್ಲಿ ಸಿಲಿಂಡರುಗಳನ್ನು ನೆಟ್ಟಗೆ ನಿಲ್ಲಿಸಿದ. ಅವು ಎಂಜಿನ್ನಿನ ಉದ್ದಕ್ಕೂ ಹೋಗುವ ಒಂದು ಶಾಫ್ಟನ್ನು ತಿರುಗಿಸುತ್ತವೆ. ಶಾಫ್ಟಿನಲ್ಲಿ ಮಡಚುವ ಕೀಲುಗಳಿವೆ. ಅದರ ಹಲ್ಲುಗಾಲಿಗಳು ಪ್ರತಿ ಅಚ್ಚಿನ ಚಕ್ರದ ಹೊರಮೈಯ ಹಲ್ಲುಗಾಲಿಗೆ ಕಚ್ಚಿಕೊಳ್ಳುತ್ತವೆ. ಚಕ್ರಗಳು ಚಿಕ್ಕವು, ಎರಡೆರಡು ಅಚ್ಚಿನ ತಿರುಗುವ ಬೋಗಿಗಳಲ್ಲಿ ಇರುವಂಥವು. ಹೀಗಾಗಿ ಎಂಜಿನ್ನಿನ ಭಾರ ಹಲವು ಕಡೆ ಹಂಚಿಹೋಗುತ್ತದೆ, ಎಲ್ಲ ಚಕ್ರಗಳೂ ಎಳೆಯುತ್ತವೆ. ಟ್ರ್ಯಾಕ್ಟರನ್ನು ಮೊದಲ ಗೇರಿಗೆ ಹಾಕಿ ದಿಣ್ಣೆ ಏರಿಸಿದ ಹಾಗೆ ವೇಗ ಕಡಿಮೆ, ಎಳೆತ ಹೆಚ್ಚು.

ಶೇಗೆ ಪೇಟೆಂಟ್ ಸಿಕ್ಕಿದ್ದು 1881ರಲ್ಲಿ, ಸದರ್ನ್ ಮರಾಠಾ ರೈಲ್ವೆ ಹುಟ್ಟುವ ಹಿಂದಿನ ವರ್ಷ. ಓಹಾಯೊದ ಲೈಮಾ ಕಾರ್ಖಾನೆ 1945ರವರೆಗೆ ಇಂಥ ಸುಮಾರು 2,770 ಎಂಜಿನ್ ಕಟ್ಟಿತು. ಪೈಪೋಟಿಗೆ ಪೆನ್ಸಿಲ್ವೇನಿಯಾದಿಂದ ಇನ್ನೆರಡು ಬಗೆಯವು ಬಂದವು. ಕೋರಿ ಪಟ್ಟಣದ ಕ್ಲೈಮ್ಯಾಕ್ಸ್ ಎಂಜಿನ್ನಿನಲ್ಲಿ ಎರಡೂ ಬದಿಯ ಓರೆ ಸಿಲಿಂಡರುಗಳು ನಡುವಿನ ಶಾಫ್ಟನ್ನು ತಿರುಗಿಸುತ್ತಿದ್ದವು. ಈರಿ ಪಟ್ಟಣದ ಹೈಸ್ಲರ್‌ನಲ್ಲಿ ಸಿಲಿಂಡರುಗಳು ಬಾಯ್ಲರಿನ ಕೆಳಗೆ ಓರೆಯಾಗಿ ಎದುರುಬದುರು ಕೂತಿದ್ದವು. ಸಮುದ್ರ ದಾಟಿ ಹೆಸರು ಗಳಿಸಿದ್ದು ಶೇ. ತೈವಾನಿನ ಆಲಿಶಾನ್ ಅರಣ್ಯ ರೈಲು ಬಯಲಿನ ಚಿಯಾಯಿಯಿಂದ 2,200 ಮೀಟರಿಗೂ ಎತ್ತರದ ಸೈಪ್ರೆಸ್ ಮರಗಳ ಕಾಡಿಗೆ ಹತ್ತಿದ್ದು 18 ಟನ್ ಮತ್ತು 28 ಟನ್ನಿನ ಶೇಗಳ ಬಲದಿಂದ. 28 ಟನ್ ಎಂದರೆ ಹೆಚ್ಚುಕಡಿಮೆ ಮಲಿಕ್-ಎ-ಮೈದಾನ್ ತೋಪಿನ ಅರ್ಧ ತೂಕ.

ದಕ್ಷಿಣ ಭಾರತದ ಕಾಡುಗಳೂ ರೈಲನ್ನು ಕಂಡವು, ಬೇರೆ ಉಪಾಯಗಳೊಂದಿಗೆ. ಕೊಚ್ಚಿ ಸಂಸ್ಥಾನದ ಚಾಲಕುಡಿಯಿಂದ ಪರಂಬಿಕುಳಂ ಕಾಡಿಗೆ 1907ರ ಸುಮಾರಿಗೆ ತೆರೆದ ಟ್ರಾಮ್‌ವೇಯಲ್ಲಿ ಕಡಿದಾದ ಇಳಿಜಾರಿಗೆ ಎಂಜಿನ್ ಬೇಕಿರಲಿಲ್ಲ. ಹಗ್ಗದ ಒಂದು ತುದಿಯಲ್ಲಿ ತೇಗದ ದಿಮ್ಮಿ ತುಂಬಿದ ಗಾಡಿ ಕೆಳಗಿಳಿದರೆ, ಅದೇ ಭಾರಕ್ಕೆ ಇನ್ನೊಂದು ತುದಿಯ ಖಾಲಿ ಗಾಡಿ ಮೇಲೇರುತ್ತಿತ್ತು. ನಡುವಿನ ಸಪಾಟು ದಾರಿಗೆ ಜರ್ಮನಿಯ ಓರೆನ್‌ಸ್ಟೈನ್ ಮತ್ತು ಕೊಪೆಲ್ ಎಂಜಿನ್ನುಗಳಿದ್ದವು. 1963ರಲ್ಲಿ ಅದು ನಿಂತಿತು. ಮೈಸೂರು ಸಂಸ್ಥಾನದಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಭದ್ರಾವತಿ ಕಾರ್ಖಾನೆ ಆಗ ಇದ್ದಿಲಿನ ಕುಲುಮೆಯದಾಗಿತ್ತು. ಅದಕ್ಕೆ ಮಲೆನಾಡಿನ ಸೌದೆ ಕಿರುಗೇಜಿನ ಟ್ರಾಮ್ ದಾರಿಗಳಲ್ಲಿ ಬರುತ್ತಿತ್ತು. ವಿಜಯಪುರಕ್ಕೆ ಇವೆಲ್ಲಕ್ಕಿಂತ ಹತ್ತಿರದ್ದು ಅಳ್ನಾವರದಿಂದ ದಾಂಡೇಲಿಗೆ ಕವಲೊಡೆದ ಮೀಟರ್‌ಗೇಜ್. ಹಳಿಯಾಳ, ದಾಂಡೇಲಿ ಕಾಡಿನ ಮರ ಬಯಲುಸೀಮೆಗೆ ಇಳಿದ ದಾರಿಗಳಲ್ಲಿ ಅದೂ ಒಂದು. ಕಾಡಿನೊಳಗೆ ದಿಮ್ಮಿಯನ್ನು ಹಳಿಯವರೆಗೆ ತಂದವು ಆನೆಗಳು.

ವಿಜಯಪುರ ರಾಜ್ಯದಲ್ಲೇ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲೊಂದು. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕಿರುಕಾಡು, ಈಚಿನ ಕೋಟಿ ವೃಕ್ಷ ಅಭಿಯಾನದ ಗಿಡಗಳು ಬಿಟ್ಟರೆ ಹಸಿರೆಂದರೆ ಹೊಲ ಮತ್ತು ದ್ರಾಕ್ಷಿ ಪಡ. ಇಂಥ ಊರಿನವರೊಬ್ಬರು ಟಿಕೋಟಾದ ತೋಟದ ಮನೆಯ ಅಂಗಳದಲ್ಲಿ ಮಾದರಿ ರೈಲು ಹಾಸಲು ಹೊರಟು, ಗೇರ್ ಇರುವ ಕಾಡಿನ ಎಂಜಿನ್ ಕೊಳ್ಳಬೇಕೆಂದರೆ ಅದಕ್ಕೂ ಇಲ್ಲಿನ ಚರಿತ್ರೆಗೂ ನಂಟೇನು? ನಂಟು ಹಳಿಯ ಅಗಲದಲ್ಲಿದೆ.

1968ರಲ್ಲಿ ನ್ಯೂರೆಂಬರ್ಗಿನ ಲೇಮನ್ ಕಂಪನಿ ಎಲ್‌ಜಿಬಿ ಹೆಸರಿನಲ್ಲಿ ಅಂಗಳದ ರೈಲನ್ನು ಮಾರುಕಟ್ಟೆಗೆ ತಂದಿತು. ಮಳೆಗೆ ತುಕ್ಕು ಹಿಡಿಯದ ಹಿತ್ತಾಳೆ ಹಳಿ, ಎರಡು ಹಳಿಗಳ ನಡುವೆ 45 ಮಿಲಿಮೀಟರ್. ಅಳತೆ 1:22.5. ಗುಣಿಸಿ ನೋಡಿದರೆ 1,012 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಮೀಟರ್. ಆಲ್ಪ್ಸ್ ಸೀಮೆಯ ಮೀಟರ್‌ಗೇಜ್ ರೈಲುಗಳಿಗಾಗಿ ಆರಿಸಿದ ಈ ಅಳತೆ ಹೋಟಗಿ–ಗದಗ ಮಾರ್ಗಕ್ಕೂ ಸರಿಯಾಗಿ ಹೊಂದುತ್ತದೆ. ಮುಂದೆ ಅಮೆರಿಕದ ಹವ್ಯಾಸಿಗಳು ಅದೇ 45 ಮಿಲಿಮೀಟರ್ ಹಳಿಯ ಮೇಲೆ ತಮ್ಮ ಮೂರು ಅಡಿ ಗೇಜಿನ ಕಾಡಿನ ರೈಲನ್ನು ಓಡಿಸಲು 1:20.3 ಅಳತೆ ಹಿಡಿದರು. 1990ರ ದಶಕದ ಕೊನೆಯಲ್ಲಿ ಬಾಕ್‌ಮನ್ ಕಂಪನಿ ಈ ಅಳತೆಯಲ್ಲಿ ವಿದ್ಯುತ್ತಿನ ಶೇಯನ್ನು, ಆಮೇಲೆ ಕ್ಲೈಮ್ಯಾಕ್ಸನ್ನು ತಂದಿತು. ಅಕ್ಯುಕ್ರಾಫ್ಟ್ ನಿಜವಾದ ಉಗಿಯಿಂದ ಓಡುವ ಶೇ ಮಾಡಿತು. ಒಂದೇ ಹಳಿ ಒಂದು ಅಳತೆಯಲ್ಲಿ ವಿಜಯಪುರವಾಗುತ್ತದೆ, ಇನ್ನೊಂದರಲ್ಲಿ ಅಮೆರಿಕದ ಮರಕಡಿಯುವ ಕಾಡಾಗುತ್ತದೆ. ಎರಡನ್ನೂ ಒಂದೇ ಗಾಡಿಸಾಲಿಗೆ ಕಟ್ಟಿದರೆ ಅಳತೆ ತಪ್ಪಿದ್ದು ಕಣ್ಣಿಗೆ ಹೊಡೆಯುತ್ತದೆ. ಕೊಳ್ಳುವವರು ಮೊದಲು ನಿರ್ಧರಿಸಬೇಕಾದದ್ದು ಇದನ್ನೇ.

ಗೇರ್ ಎಂಜಿನ್ ಅಂಗಳಕ್ಕೆ ಒಗ್ಗುವ ಕಾರಣಗಳು ಕಾಡಿನಲ್ಲಿದ್ದವೇ. ಚಿಕ್ಕ ಬೋಗಿಗಳಿಂದಾಗಿ ಇಕ್ಕಟ್ಟಿನ ತಿರುವಿನಲ್ಲಿ ಸಲೀಸಾಗಿ ಹೊರಳುತ್ತದೆ, ಏರಿನಲ್ಲಿ ಜಾರುವುದಿಲ್ಲ. ನಿಧಾನವಾಗಿ ಓಡುವುದರಿಂದ ಶಾಫ್ಟು, ಹಲ್ಲುಗಾಲಿಗಳ ಕುಣಿತವನ್ನು ಕಣ್ತುಂಬ ನೋಡಬಹುದು. ಹಳೆಯದನ್ನು ಕೊಳ್ಳುವುದಾದರೆ ಮೊದಲು ಪರೀಕ್ಷಿಸಬೇಕಾದದ್ದು ಅಚ್ಚಿಗೆ ಕೂರಿಸಿದ ಪ್ಲಾಸ್ಟಿಕ್ ಹಲ್ಲುಗಾಲಿಗಳನ್ನು. ವರ್ಷಗಳು ಕಳೆದಂತೆ ಅವು ಸೀಳುತ್ತವೆ, ಎಂಜಿನ್ ಟಕ್ ಟಕ್ ಎಂದು ಕುಂಟುತ್ತದೆ. ಎರಡೂ ಬೋಗಿ ಸಮನಾಗಿ ತಿರುಗುತ್ತವೆಯೇ, ಶಾಫ್ಟಿನ ಕೀಲುಗಳು ಸಡಿಲವಾಗಿವೆಯೇ ಎಂಬುದನ್ನೂ ಓಡಿಸಿಯೇ ತಿಳಿಯಬೇಕು.

ನೆಲದ ವಿಷಯದಲ್ಲಿ 1884ರ ಎಂಜಿನಿಯರುಗಳ ಕಷ್ಟವೇ ಮರಳಿ ಬರುತ್ತದೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಹಳಿ ಒಂದು ಮಳೆಗಾಲಕ್ಕೆ ಹಾವಿನಂತಾಗುತ್ತದೆ. ಎರೆಯನ್ನು ಒಂದಡಿ ತೆಗೆದು ಗರಸು ತುಂಬಿ ಗಟ್ಟಿ ಮಾಡಬೇಕು, ಇಲ್ಲವೇ ಕಲ್ಲಿನ ಕಟ್ಟೆಯ ಮೇಲೆ ಹಾಸಬೇಕು. ಬಿಸಿಲಿಗೂ ಜಾಗ ಬಿಡಬೇಕು. ಬೆಳಗಿನ ತಂಪಿಗಿಂತ ಮಧ್ಯಾಹ್ನದ ಹಳಿ 30 ಡಿಗ್ರಿ ಹೆಚ್ಚು ಕಾದರೆ 30 ಮೀಟರ್ ಹಿತ್ತಾಳೆ ಹಳಿ ಸುಮಾರು 17 ಮಿಲಿಮೀಟರ್ ಉದ್ದವಾಗುತ್ತದೆ. ಜೋಡಣೆಗಳಲ್ಲಿ ಸಂದು ಇಲ್ಲದಿದ್ದರೆ ಹಳಿ ಬಾಗಿಬಿಡುತ್ತದೆ.

ನಿಜವಾದ ಮೀಟರ್‌ಗೇಜ್ ಈಗ ಇಲ್ಲಿಲ್ಲ. ಸದರ್ನ್ ಮರಾಠಾ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯ ಜೊತೆ ಕೂಡಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಲ್ಲಿ ನೈರುತ್ಯ ರೈಲ್ವೆ ಬಂದವು. ಹೆಸರುಗಳು ಬದಲಾದರೂ ಒಂದು ಮೀಟರ್ ಅಗಲ ಉಳಿದಿತ್ತು. 2008ರ ಹೊತ್ತಿಗೆ ಹೋಟಗಿ–ಗದಗ ಮಾರ್ಗ ಪೂರ್ತಿ ಬ್ರಾಡ್‌ಗೇಜ್ ಆಯಿತು. ಹಮಾಲರ ಬೆನ್ನಿನ ಭಾರ ತಪ್ಪಿತು, ಗಾಡಿಗಳು ನೇರವಾಗಿ ದೂರದ ಊರುಗಳಿಗೆ ಹೋಗತೊಡಗಿದವು. ಇದು ಬೇಕಾಗಿದ್ದ ಬದಲಾವಣೆ. ಅದರ ಜೊತೆಗೆ 120 ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆಯನ್ನು ಹೊರಜಗತ್ತಿಗೆ ಬೆಸೆದಿದ್ದ ಹಳಿ, ಸಿಗ್ನಲ್, ನೀರಿನ ತೊಟ್ಟಿಗಳು ಒಂದೊಂದಾಗಿ ಕಾಣೆಯಾದವು.

ಅಂಗಳದ 45 ಮಿಲಿಮೀಟರ್ ಹಳಿ ಆ ಚರಿತ್ರೆಯನ್ನು ಸರಿಯಾದ ಪ್ರಮಾಣದಲ್ಲಿ ಹಿಡಿದಿಡಬಲ್ಲದು. ಸ್ವಾತಂತ್ರ್ಯಾನಂತರ ದೇಶದ ಮೀಟರ್‌ಗೇಜಿನಲ್ಲಿ ಪ್ರಯಾಣಿಕರನ್ನು ಎಳೆದ ವೈಪಿ ಉಗಿ ಎಂಜಿನ್ ಟೆಂಡರ್ ಸೇರಿ 19 ಮೀಟರಿನಷ್ಟು ಉದ್ದ. 1:22.5 ಅಳತೆಯಲ್ಲಿ ಅದು ಸುಮಾರು 85 ಸೆಂಟಿಮೀಟರ್ ಆಗುತ್ತದೆ. ಲಚ್ಯಾಣ, ಇಂಡಿ ರೋಡ್, ಮಿಂಚನಾಳ, ವಿಜಯಪುರ, ಜುಮನಾಳ, ಮುಳವಾಡ, ಬಸವನಬಾಗೇವಾಡಿ ರೋಡ್ ಎಂದು ಸಾಲಾಗಿ ನಿಲ್ದಾಣ ಕಟ್ಟಬಹುದು. ಶೇ ಕೊಳ್ಳುವವರು ಕೊಳ್ಳಲಿ. ಕೆಸರಿನಲ್ಲಿ ಹೂತ ಗಾಡಿಯಿಂದ ಹುಟ್ಟಿದ ಎಂಜಿನ್ ಎರೆಸೀಮೆಗೆ ಪರಕೀಯವೇನಲ್ಲ. ಅದರ ಪಕ್ಕದಲ್ಲಿ ವಿಜಯಪುರದ್ದೇ ಒಂದು ಗಾಡಿಸಾಲು ಓಡಬೇಕಾದರೆ, ಹೋಟಗಿಯಲ್ಲಿ ಚೀಲ ದಾಟಿಸಿದವರು, ಹಳಿ ಕಾಯ್ದ ಗ್ಯಾಂಗ್‌ಮನ್‌ಗಳು, ಮೀಟರ್‌ಗೇಜ್ ಓಡಿಸಿದ ಚಾಲಕರು ನಮ್ಮ ನಡುವೆ ಇರುವಾಗಲೇ ಯಾವ ಕಂಬ ಎಲ್ಲಿತ್ತು, ಯಾವ ಗಾಡಿಗೆ ಯಾವ ಬಣ್ಣವಿತ್ತು, ಎಂಜಿನ್ ಎಲ್ಲಿ ನೀರು ತುಂಬಿಸಿಕೊಳ್ಳುತ್ತಿತ್ತು ಎಂಬುದನ್ನು ಕೇಳಿ, ಅಳತೆಸಹಿತ ಬರೆದಿಟ್ಟುಕೊಳ್ಳುವ ಕೆಲಸ ಈಗಲೇ ಆರಂಭವಾಗಬೇಕು.