ಯಾವ ಹಳ್ಳಿಖೇಡ?

ಬೀದರ್ ಜಿಲ್ಲೆಯ ಹುಮನಾಬಾದ್ ಕಡೆ ಬರೀ ‘ಹಳ್ಳಿಖೇಡ’ ಎಂದರೆ ಸಾಲದು. ‘ಬಿ’ಯೋ, ‘ಕೆ’ಯೋ ಎಂಬುದನ್ನೂ ಹೇಳಬೇಕು. ‘ಬಿ’ ಎಂದರೆ ಬುಜುರ್ಗ್, ಹಿರಿದು. ‘ಕೆ’ ಎಂದರೆ ಖುರ್ದ್, ಕಿರಿದು. ಎರಡೂ ಪಾರ್ಸಿ ಮಾತುಗಳು. 1956ರಲ್ಲಿ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಈ ಗುರುತು ಅಳಿಯಲಿಲ್ಲ. ಹಾವೇರಿ ಕಡೆಯ ಹಿರೇಕೆರೂರು, ಚಿಕ್ಕೇರೂರುಗಳಲ್ಲಿ ಇದೇ ಕೆಲಸವನ್ನು ಕನ್ನಡ ಮಾತೇ ಮಾಡಿದೆ.

ಕಂಪ್ಯೂಟರ್ ಲೋಕಕ್ಕೂ ಇದೇ ತೊಡಕು. ಯಂತ್ರಗಳು ಒಂದನ್ನೊಂದು ಹುಡುಕುವುದು ಅಂಕಿಗಳಿಂದ. ನಮಗೆ ನೆನಪಿರುವುದು ಹೆಸರು. 1970ರ ದಶಕದಲ್ಲಿ ಅಮೆರಿಕದ ಅರ್ಪಾನೆಟ್ ಜಾಲದ ಹೆಸರುಗಳೆಲ್ಲ ಒಂದೇ ಪಟ್ಟಿಯಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಜಾಲ ಬೆಳೆದಂತೆ ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ‘ಡಿಎನ್‌ಎಸ್’ ವ್ಯವಸ್ಥೆ ರೂಪಿಸಿದರು. ಊರು, ತಾಲ್ಲೂಕು, ಜಿಲ್ಲೆಗಳಂತೆ ಹೆಸರಿಗೂ ಹಂತಗಳು ಬಂದವು. ಆಯಾ ಹಂತದ ಲೆಕ್ಕ ಆಯಾ ಕಡೆಯವರ ಕೈಗೆ ಹೋಯಿತು.

ಆದರೆ ವಿಳಾಸವನ್ನು ಯಾರಲ್ಲಿ ಕೇಳಬೇಕು? ಯುನಿಕ್ಸ್ ಯಂತ್ರಗಳಲ್ಲಿ, ಅದೇ ಜಾಡಿನ ಲಿನಕ್ಸ್‌ನಲ್ಲಿ, ಇದನ್ನು ‘ರಿಸಾಲ್ವ್.ಕಾನ್ಫ್’ ಎಂಬ ಪುಟ್ಟ ಕಡತ ಹೇಳುತ್ತಿತ್ತು. ಒಂದೇ ತಂತಿಗೆ ಕಟ್ಟಿಬಿದ್ದ ಯಂತ್ರಕ್ಕೆ ಅಷ್ಟು ಸಾಕಿತ್ತು. ಲ್ಯಾಪ್‌ಟಾಪ್ ಬಂದ ಮೇಲೆ ಮನೆಯ ವೈ-ಫೈ, ಕಚೇರಿಯ ಖಾಸಗಿ ಜಾಲ ಎರಡೂ ಅದೇ ಕಡತವನ್ನು ತಿದ್ದತೊಡಗಿದವು. ಕೊನೆಗೆ ಬರೆದವರದೇ ಮಾತು ನಡೆಯಿತು. ಕಚೇರಿಯೊಳಗಿನ ಹೆಸರನ್ನು ಹೊರಗೆ ಕೇಳಿದರೆ ಉತ್ತರ ಸಿಗದು. ಒಳಗಿನ ಗುಟ್ಟು ಮಾತ್ರ ಹೊರಬೀಳುತ್ತದೆ.

ಈ ಗೊಂದಲಕ್ಕೆ 2014ರಲ್ಲಿ ಬಂದ ಪರಿಹಾರ ‘ಸಿಸ್ಟಮ್‌ಡಿ-ರಿಸಾಲ್ವ್‌ಡಿ’ ಎಂಬ ಸೇವೆ. ಅದು ಯಂತ್ರದೊಳಗೇ ಕುಳಿತ ಅಂಚೆಯವನಿದ್ದಂತೆ. ತಂತ್ರಾಂಶಗಳು 127.0.0.53 ಎಂಬ ಒಳವಿಳಾಸದಲ್ಲಿ ಅದನ್ನು ಕೇಳುತ್ತವೆ. ಹೆಸರಿನ ಬಾಲ ನೋಡಿ ಅದು ಕಚೇರಿಯ ಪ್ರಶ್ನೆಯನ್ನು ಕಚೇರಿಗೆ, ಉಳಿದದ್ದನ್ನು ಮನೆಯ ಜಾಲಕ್ಕೆ ಕಳಿಸಬಲ್ಲದು. ಬಂದ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಉಬುಂಟು 2016ರಲ್ಲಿ, ಫೆಡೋರಾ 2020ರಲ್ಲಿ ಇದನ್ನು ಒಪ್ಪಿಕೊಂಡವು.

ಹಳಬರಿಗೆ ಅಸಮಾಧಾನವೂ ಇದೆ. ಮೊದಲು ಕಡತ ತೆರೆದರೆ ಎಲ್ಲವೂ ಕಾಣುತ್ತಿತ್ತು. ಈಗ ಅಲ್ಲಿ ಸಾಮಾನ್ಯವಾಗಿ ಕಾಣುವುದು ಅಂಚೆಯವನ ವಿಳಾಸ ಮಾತ್ರ. ಅವನು ಯಾರನ್ನು ಕೇಳುತ್ತಾನೆಂದು ತಿಳಿಯಲು ‘ರಿಸಾಲ್ವ್‌ಸಿಟಿಎಲ್’ ಎಂಬ ಬೇರೆ ಆಜ್ಞೆ ಬೇಕು. ದೂರಿನಲ್ಲಿ ಹುರುಳಿದೆ. ಸುಳ್ಳು ವಿಳಾಸ ಕೊಡುವವನ ಕೈಗೆ ಈ ಪ್ರಶ್ನೆ ಬಿದ್ದರೆ ಬ್ಯಾಂಕ್ ಎಂದುಕೊಂಡು ಕಳ್ಳನ ಮನೆಗೂ ಹೋದೇವು.

ಹಳ್ಳಿಖೇಡದ ಹಾದಿಯೂ ಹೀಗೆಯೇ. ‘ಬಿ’ ಎಂದು ಸರಿಯಾಗಿ ಹೇಳಿದರಷ್ಟೇ ಸಾಲದು. ದಾರಿ ಬಲ್ಲವರನ್ನೇ ಕೇಳಬೇಕು.