ಸುಳಿವಿನ ನ್ಯಾಯ

‘ಸಮರದೊಳಗೂ ನೆರಳು ಕೊಡುವುದೊಂದು ನಿಂತಿದೆ.’ ಎರಡಕ್ಷರದ ಈ ಪದ ಯಾವುದು? ರಣರಂಗ, ಶಿಬಿರ, ಡೇರೆ ಎಂದು ಯೋಚಿಸುತ್ತಾ ಹೋದರೆ ಉತ್ತರ ಸಿಗದು. ‘ಸಮರ’ ಎಂಬ ಪದದ ಒಳಗೇ ನೋಡಬೇಕು. ಮೊದಲಕ್ಷರ ಬಿಟ್ಟರೆ ಉಳಿಯುವುದು ‘ಮರ’. ನೆರಳು ಕೊಡುವುದೂ ಅದೇ.

ನಮ್ಮ ಪತ್ರಿಕೆಗಳ ಸಾಮಾನ್ಯ ಪದಬಂಧ ಅರ್ಥವನ್ನಷ್ಟೇ ಕೇಳುತ್ತದೆ. ಇಂಗ್ಲಿಷಿನಲ್ಲಿ ‘ಕ್ರಿಪ್ಟಿಕ್’ ಎಂದು ಕರೆಯುವ ನಿಗೂಢ ಪದಬಂಧದ ಸುಳಿವಿನಲ್ಲಿ ಎರಡು ದಾರಿಗಳಿರುತ್ತವೆ. ಒಂದು ಅರ್ಥದ ದಾರಿ, ಇನ್ನೊಂದು ಅಕ್ಷರಗಳ ಆಟದ ದಾರಿ. ‘ಹೊಸದನ್ನು ತಿರುಗಿಸಿದರೆ ಕಾಡು’ ಎಂಬ ಸುಳಿವನ್ನು ನೋಡಿ. ಹೊಸದು ಎಂದರೆ ‘ನವ’, ತಿರುಗಿಸಿದರೆ ‘ವನ’. ಎರಡೂ ದಾರಿಗಳು ಒಂದೇ ಉತ್ತರಕ್ಕೆ ತಲುಪಿದವು. ಆದರೆ ‘ಹೊಸ ಕಾಡು’ ಎಂದಷ್ಟೇ ಬರೆದು, ತಿರುಗಿಸಬೇಕೆಂಬ ಸೂಚನೆಯನ್ನೇ ಕೊಡದಿದ್ದರೆ? ಆಗ ಅದು ಒಗಟಲ್ಲ, ಬಿಡಿಸುವವನಿಗೆ ಮಾಡಿದ ಅನ್ಯಾಯ. ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಲು ಬ್ರಿಟನ್ನಿನ ಪದಬಂಧಕಾರರಿಗೆ ದಶಕಗಳೇ ಬೇಕಾದವು.

ಲಿವರ್‌ಪೂಲ್ ಮೂಲದ ಆರ್ಥರ್ ವಿನ್ ತಮ್ಮ ಮೊದಲ ಪದಬಂಧವನ್ನು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿದ್ದುದು ನೇರ ಅರ್ಥಗಳೇ. 1920ರ ದಶಕದಲ್ಲಿ ಈ ಆಟ ಬ್ರಿಟನ್ನಿಗೆ ಬಂದಾಗ ಅದಕ್ಕೆ ಹೊಸ ತಿರುವು ಕೊಟ್ಟವರಲ್ಲಿ ಪ್ರಮುಖರು ಎಡ್ವರ್ಡ್ ಪೋವಿಸ್ ಮ್ಯಾದರ್ಸ್. 1926ರಿಂದ 1939ರಲ್ಲಿ ತೀರಿಕೊಳ್ಳುವವರೆಗೂ ಅವರು ‘ಅಬ್ಸರ್ವರ್’ ವಾರಪತ್ರಿಕೆಗೆ ಕಠಿಣ ಪದಬಂಧಗಳನ್ನು ರಚಿಸಿದರು.

ಮ್ಯಾದರ್ಸ್ ಪೂರ್ವದೇಶಗಳ ಸಾಹಿತ್ಯದ ಪ್ರೇಮಿಯಾಗಿದ್ದರು. ‘ಸಾವಿರದೊಂದು ರಾತ್ರಿಗಳು’ ಕಥೆಗಳನ್ನು ಮಾರ್‌ಡ್ರೂಸ್‌ನ ಫ್ರೆಂಚ್ ಆವೃತ್ತಿಯಿಂದ ಇಂಗ್ಲಿಷಿಗೆ ತಂದವರು ಅವರೇ. ‘ಚೌರಪಂಚಾಶಿಕಾ’ವನ್ನು ‘ಬ್ಲ್ಯಾಕ್ ಮ್ಯಾರಿಗೋಲ್ಡ್ಸ್’ ಎಂಬ ಹೆಸರಿನಲ್ಲಿ ಮುಕ್ತವಾಗಿ ಅನುವಾದಿಸಿದವರೂ ಅವರೇ. ಅದನ್ನು ಬರೆದನೆನ್ನಲಾದ ಬಿಲ್ಹಣ ನಮಗೆ ಅಪರಿಚಿತನಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಕಾಶ್ಮೀರದ ಕವಿ ಅವನು.

ಇಂಥ ರಸಿಕ ತನ್ನ ಪದಬಂಧಗಳಿಗೆ ಇಟ್ಟುಕೊಂಡ ಗುಪ್ತನಾಮ ‘ಟಾರ್ಕೆಮಾಡ’. ಅದು 1483ರಿಂದ 1498ರವರೆಗೆ ಸ್ಪೇನಿನ ಧರ್ಮವಿಚಾರಣಾ ನ್ಯಾಯಾಲಯದ ಮುಖ್ಯಸ್ಥನಾಗಿದ್ದವನ ಹೆಸರು. ಓದುಗರಿಗೆ ಚಿತ್ರಹಿಂಸೆ ಕೊಡುತ್ತೇನೆ ಎಂಬುದು ಇಲ್ಲಿನ ತಮಾಷೆ. 1939ರಲ್ಲಿ ಅವರ ಸ್ಥಾನಕ್ಕೆ ಬಂದ ಶಾಲಾ ಶಿಕ್ಷಕ ಡೆರಿಕ್ ಸಾಮರ್‌ಸೆಟ್ ಮ್ಯಾಕ್‌ನಟ್ ಇದೇ ತಮಾಷೆಯನ್ನು ಮುಂದುವರಿಸಿ ‘ಕ್ಸಿಮೆನೀಸ್’ ಆದರು. 1972ರಲ್ಲಿ ಅಂಕಣ ವಹಿಸಿಕೊಂಡ ಜೊನಾಥನ್ ಕ್ರೌದರ್ ‘ಅಝೆಡ್’ ಆದರು. ಈ ಹೆಸರೇ ಒಂದು ಸುಳಿವು. ಇದರ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ‘ಡೆಝಾ’ ಸಿಗುತ್ತದೆ. ಅವನೂ ಒಬ್ಬ ಮುಖ್ಯ ಧರ್ಮವಿಚಾರಕ.

ಗ್ರಾನಡಾದ ಇತಿಹಾಸ ಬಲ್ಲವರಿಗೆ ಈ ಹೆಸರುಗಳು ಬರಿಯ ತಮಾಷೆಯಾಗಿ ಉಳಿಯುವುದಿಲ್ಲ. ಕ್ಸಿಮೆನೀಸ್ ಎಂದರೆ ಕಾರ್ಡಿನಲ್ ಸಿಸ್ನೆರೋಸ್. 1491ರ ಶರಣಾಗತಿ ಒಪ್ಪಂದ ಮುಸ್ಲಿಮರಿಗೆ ಧರ್ಮಪಾಲನೆಯ ಭರವಸೆ ಕೊಟ್ಟಿತ್ತು. ಅದನ್ನು ಬದಿಗೊತ್ತಿ 1499ರಿಂದ ಬಲವಂತದ ಮತಾಂತರ ನಡೆಸಿದವನು, ಅರಬಿ ಗ್ರಂಥಗಳನ್ನು ಬಹಿರಂಗವಾಗಿ ಸುಡಿಸಿದವನು ಈತನೇ. ಆ ನ್ಯಾಯಾಲಯದ ಕ್ರೌರ್ಯ ಚಿತ್ರಹಿಂಸೆಯಲ್ಲಷ್ಟೇ ಇರಲಿಲ್ಲ. ದೂರು ಕೊಟ್ಟವರು ಯಾರೆಂಬುದನ್ನು ಆರೋಪಿಗೆ ತಿಳಿಸುತ್ತಿರಲಿಲ್ಲ. ತಪ್ಪೊಪ್ಪಿಕೋ ಎನ್ನುತ್ತಿದ್ದರು, ಯಾವ ತಪ್ಪು ಎಂಬುದನ್ನು ಮೊದಲು ಹೇಳುತ್ತಿರಲಿಲ್ಲ. ಸುಳಿವೇ ಇಲ್ಲದ ಒಗಟಿಗೆ ಆರೋಪಿ ಉತ್ತರ ಹುಡುಕಬೇಕಿತ್ತು.

ವಿಪರ್ಯಾಸವೆಂದರೆ, ಅದೇ ಹೆಸರು ಹೊತ್ತ ಮ್ಯಾಕ್‌ನಟ್ ತಮ್ಮ ಆಟದಲ್ಲಿ ಇದಕ್ಕೆ ತದ್ವಿರುದ್ಧವಾದ ನಿಯಮ ಕಟ್ಟಿದರು. 1966ರ ತಮ್ಮ ಪುಸ್ತಕದಲ್ಲಿ ಅವರು ವಿವರಿಸಿದ ತತ್ವದ ಸಾರ ಇಷ್ಟು: ಸುಳಿವಿನಲ್ಲಿ ಉತ್ತರದ ನಿಖರವಾದ ಅರ್ಥವಿರಬೇಕು, ಅಕ್ಷರಗಳನ್ನು ಹೇಗೆ ಜೋಡಿಸಬೇಕೆಂಬ ಪ್ರಾಮಾಣಿಕ ಸೂಚನೆಯಿರಬೇಕು, ಅನಗತ್ಯವಾದ ಒಂದು ಪದವೂ ಇರಬಾರದು. ಅವರಿಗಿಂತ ಮೊದಲೇ, 1949ರಲ್ಲಿ, ಎ.ಎಫ್. ರಿಚಿ ಎಂಬುವರು ಈ ನೀತಿಗೆ ಮಾತು ಕೊಟ್ಟಿದ್ದರು. ಸುಳಿವಿನ ಮೇಲ್ನೋಟದ ಅರ್ಥ ದಾರಿ ತಪ್ಪಿಸಬಹುದು, ಆದರೆ ಪದಗಳು ಹೇಳಬೇಕಾದುದನ್ನು ಹೇಳಿರಲೇಬೇಕು ಎಂಬುದು ಅವರ ನಿಲುವು. ಅವರ ಗುಪ್ತನಾಮ ‘ಅಫ್ರಿಟ್’. ಅದರಲ್ಲಿ ಅವರ ಹೆಸರಿನ ಮೊದಲಕ್ಷರಗಳೂ ಇವೆ, ಸುಲೈಮಾನರ ವೃತ್ತಾಂತದಲ್ಲಿ ಕುರ್‌ಆನ್ ಹೆಸರಿಸುವ ಜಿನ್ನ್ ‘ಇಫ್ರೀತ್’ ಕೂಡ ಇದ್ದಾನೆ.

ಎಲ್ಲರೂ ಈ ಕಟ್ಟುಪಾಡನ್ನು ಒಪ್ಪಿದರೆಂದಲ್ಲ. ಇಂಗ್ಲಿಷ್ ವರ್ಣಮಾಲೆಯ ಎಚ್‌ನಿಂದ ಓ ವರೆಗಿನ ಎಂಟು ಅಕ್ಷರಗಳನ್ನು ಸಾಲಾಗಿ ಬರೆದು, ಐದಕ್ಷರದ ಉತ್ತರ ಕೇಳುವ ಪ್ರಸಿದ್ಧ ಸುಳಿವೊಂದಿದೆ. ‘ಎಚ್ ಟು ಓ’ ಎಂದು ಓದಿದಾಗ ರಸಾಯನಶಾಸ್ತ್ರದ ಸೂತ್ರ ಹೊಳೆಯುತ್ತದೆ. ಉತ್ತರ ‘ವಾಟರ್’, ಅಂದರೆ ನೀರು. ಸೊಗಸಾದ ಸುಳಿವು. ಆದರೆ ಇದರಲ್ಲಿ ಪ್ರತ್ಯೇಕವಾದ ಅರ್ಥವಿಲ್ಲ, ಆದ್ದರಿಂದ ಕ್ಸಿಮೆನೀಸ್ ನಿಯಮಕ್ಕೆ ಇದು ನಿಲ್ಲದು. ಬಿಗಿ ನಿಯಮವೋ, ಚಮತ್ಕಾರದ ಸ್ವಾತಂತ್ರ್ಯವೋ ಎಂಬ ಚರ್ಚೆ ಪದಬಂಧಪ್ರಿಯರಲ್ಲಿ ಮುಗಿದಿಲ್ಲ. ಬಿಡಿಸುವವನಿಗೆ ಮೋಸವಾಗಬಾರದು ಎಂಬುದರಲ್ಲಿ ಮಾತ್ರ ಎರಡೂ ಪಕ್ಷಗಳು ಒಂದು.

ಒಗಟು ಕಟ್ಟುವವನಿಗೆ ಉತ್ತರ ಗೊತ್ತು, ಬಿಡಿಸುವವನಿಗೆ ಗೊತ್ತಿಲ್ಲ. ಈ ಅಸಮಾನತೆಯೇ ಅವನ ಅಧಿಕಾರ. ಆ ಅಧಿಕಾರವನ್ನು ಎಷ್ಟು ಬಿಗಿಯಾಗಿ ಬೇಕಾದರೂ ಚಲಾಯಿಸಬಹುದು, ಬೇಕಾದ ಪುರಾವೆಯನ್ನೆಲ್ಲ ಎದುರಿನವನ ಮುಂದಿಟ್ಟ ಮೇಲೆ. ಸ್ಪೇನಿನ ಆ ನ್ಯಾಯಪೀಠ ಪಾಲಿಸದೆ ಹೋದ ಈ ಮರ್ಯಾದೆಯನ್ನು, ಅದರ ಯಜಮಾನರ ಹೆಸರು ಹೊತ್ತ ಭಾನುವಾರದ ಆಟವೊಂದು ಪಾಲಿಸಿಕೊಂಡು ಬಂದಿದೆ.